ಹಿಂದಕ್ಕೆ ಓಡಿಸಿದ ಗಾಳಿ

ಮಾರ್ಚ್ ೫, ಮಂಗಳವಾರ

ಎಲ್ಲಾದರೂ ಒಂದು ಕಡೆ ಬೈದುಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ. ಮನೆಯಲ್ಲಿ ಬೈದರೆ ಇವರು ಮುಖ ಊದಿಸಿಕೊಳ್ಳುತ್ತಾರೆ, ಕಚೇರಿಯಲ್ಲಿ ಬೈದರೆ ನಿರ್ದೇಶಕರು ವರ್ಗ ಮಾಡಿಸುತ್ತಾರೆ. ಅದಕ್ಕೇ ಈ ಪುಸ್ತಕ ಕೊಂಡು ತಂದೆ.

ನಿನ್ನೆ ಎಂದಿನಂತೆ ಪ್ರಯೋಗಾಲಯದ ಛಾವಣಿ ಹತ್ತಿ ಪಂಪಿನಿಂದ ಫಿಲ್ಟರ್ ಕಾಗದ ಬಿಚ್ಚಿದೆ. ವಾರವಿಡೀ ಊರಿನ ಗಾಳಿ ಎಳೆದು ಕಪ್ಪಾದ ಕಾಗದ. ಅದನ್ನು ಕೆಳಗೆ ತರಲು ಒಂದು ತಗಡಿನ ಡಬ್ಬಿ ಇತ್ತು. ಅದರ ಕೊಂಡಿ ಮುರಿದು ವರ್ಷವಾಯಿತು, ಹೊಸದು ಕೇಳಿ ಕೇಳಿ ನನ್ನ ಬಾಯಿ ಒಣಗಿತು. ಈಗ ನನ್ನದೇ ಬಿಳಿ ಬಟ್ಟೆಚೀಲದಲ್ಲಿ ತರುತ್ತೇನೆ. ಪ್ರತಿ ಶನಿವಾರ ನಾನೇ ಒಗೆದು, ಮನೆಯ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ, ಸೋಮವಾರ ತೆಗೆದುಕೊಂಡು ಹೋಗುವ ಚೀಲ. ಸರಕಾರದ ಡಬ್ಬಿಗಿಂತ ಶುಚಿ.

ಇವತ್ತು ವಿಕಿರಣ ಅಳೆಯುವ ಯಂತ್ರದ ಪರದೆಯ ಗೆರೆಯಲ್ಲಿ ಇರಬಾರದ ಕಡೆ ಒಂದು ಮೊನೆ ಎದ್ದು ನಿಂತಿತ್ತು. ಸೀಸಿಯಂ. ಮಣ್ಣಿನಲ್ಲಿ ತಾನಾಗಿ ಹುಟ್ಟುವ ವಸ್ತುವಲ್ಲ ಅದು. ಮನುಷ್ಯರೇ ಮಾಡಿ, ದಪ್ಪ ಸೀಸದೊಳಗೆ ಭದ್ರವಾಗಿ ಮುಚ್ಚಿಡುವಂಥದ್ದು. ಅದು ನನ್ನ ಕಾಗದದ ಮೇಲೆ ಬಂದು ಕೂತಿದೆ ಎಂದರೆ ಎಲ್ಲೋ ಆ ಮುಚ್ಚಳ ಒಡೆದಿದೆ. ನನ್ನ ಕಾಗದದ ಮೇಲಿರುವಷ್ಟು ಇರುವೆಗೂ ಏನೂ ಮಾಡದು. ಆದರೆ ಅದು ಹೊರಟ ಜಾಗದಲ್ಲಿ ಯಾರೋ ಒಬ್ಬ ಏನೂ ಗೊತ್ತಿಲ್ಲದೆ ಅದನ್ನು ಮುಟ್ಟುತ್ತಿದ್ದಾನೆ, ಉಸಿರಾಡುತ್ತಿದ್ದಾನೆ. ಆ ಮನುಷ್ಯನನ್ನು ಬೇಗ ಹುಡುಕಬೇಕು.

ನಿರ್ದೇಶಕರಿಗೆ ತೋರಿಸಿದೆ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಮೇಡಂ?" ಎಂದರು. ಇಪ್ಪತ್ತೆರಡು ವರ್ಷ ಈ ಯಂತ್ರ ಸಾಕಿದ್ದಕ್ಕೆ ಸಿಕ್ಕ ಮರ್ಯಾದೆ.

ಮನೆಗೆ ಬಂದರೆ ಇವರ ತಮ್ಮ. "ಎರಡೇ ವಾರ" ಎಂದು ಬಂದವನು ನಾಲ್ಕು ತಿಂಗಳಿಂದ ನಮ್ಮ ಸೋಫಾದ ಮೇಲಿದ್ದಾನೆ. ಬಾಯಿಗೆ ಬಿಡುವಿಲ್ಲ, ಮಾತು ನಿಂತರೆ ಶಿಳ್ಳೆ. ಹೊಳೆಯಾಚೆ ಗುಜರಿ ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿ, ಕುಲುಮೆಯ ಹೊಗೆಯಿಂದ ಬೂದಿ ಸೋಸುವ ದೊಡ್ಡ ಬಟ್ಟೆಚೀಲಗಳನ್ನು ಬದಲಿಸುವ ಕೆಲಸ ಹಿಡಿದಿದ್ದಾನೆ. "ನಮ್ಮಿಬ್ಬರದ್ದೂ ಒಂದೇ ಕೆಲಸ ನೋಡಿ ಅತ್ತಿಗೆ. ನೀವು ಊರಿನ ಗಾಳಿ ಸೋಸ್ತೀರಿ, ನಾನು ಕಾರ್ಖಾನೆ ಹೊಗೆ ಸೋಸ್ತೀನಿ. ನಿಮಗೆ ಪೆನ್ಶನ್ ಬರುತ್ತೆ, ನನಗೆ ಕೆಮ್ಮು ಬರುತ್ತೆ." ಈ ಜೋಕು ವಾರಕ್ಕೆ ಮೂರು ಸಲ. ಇವರಂತೂ ಪ್ರತಿ ಸಲವೂ ನಗುತ್ತಾರೆ.

ಮಾರ್ಚ್ ೬, ಬುಧವಾರ

ದಕ್ಷಿಣದಲ್ಲಿ ನಮ್ಮಂತೆಯೇ ಗಾಳಿ ಅಳೆಯುವ ನಾಲ್ಕು ಕೇಂದ್ರಗಳಲ್ಲೂ ಸೀಸಿಯಂ ಸಿಕ್ಕಿದೆ. ನಿರ್ದೇಶಕರು ಆಫ್-ಆನ್ ಮಾತು ನಿಲ್ಲಿಸಿದರು.

ಗಾಳಿಯಮ್ಮನಿಗೆ ಫೋನ್ ಮಾಡಿದೆ. ಹವಾಮಾನ ಕಚೇರಿಯ ಗೆಳತಿ. ಗಾಳಿಯನ್ನು ಹಿಂದಕ್ಕೆ ಓಡಿಸುವುದು ಅವಳ ಕೆಲಸ. ಇವತ್ತು ಇಲ್ಲಿರುವ ಗಾಳಿ ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ಹೇಳುತ್ತಾಳೆ.

"ನಾಲ್ಕೂ ಕೇಂದ್ರದ ಗಾಳಿ ಒಂದೇ ಪಟ್ಟೆಯಲ್ಲಿ ಬಂದಿದೆ ಕಣೇ. ನಿಮ್ಮೂರ ಪೂರ್ವಕ್ಕೆ, ಹೊಳೆಯಾಚೆ, ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ. ಆದ್ರೆ ನಿನ್ನ ಛಾವಣಿ ಕಡೆಗೆ ಆ ಗಾಳಿ ತಲೆನೇ ಹಾಕಿಲ್ಲ."

"ಮತ್ತೆ ನನ್ನ ಕಾಗದದ ಮೇಲೆ ಹೇಗೆ ಬಂತು?"

"ಅದನ್ನ ನಿನ್ನ ಕಾಗದನೇ ಕೇಳು. ನಂಗೆ ಗಾಳಿ ಭಾಷೆ ಮಾತ್ರ ಬರುತ್ತೆ."

ಪಟ್ಟೆ ನೂರಾರು ಮೈಲಿ ಉದ್ದ. ಉತ್ತರದ ತುದಿಯಲ್ಲಿ ಒಂದು ಅಣುವಿದ್ಯುತ್ ಸ್ಥಾವರವಿದೆ. ಎಲ್ಲರೂ ಅದರತ್ತ ಬೆರಳು ತೋರಿಸಿ ಊಟಕ್ಕೆ ಹೋದರು.

ಮಾರ್ಚ್ ೮, ಶುಕ್ರವಾರ

ಸ್ಥಾವರದವರು "ನಮ್ಮಲ್ಲಿ ಎಲ್ಲವೂ ಸರಿಯಾಗಿದೆ" ಎಂದು ಉತ್ತರಿಸಿದ್ದಾರೆ. ಈ ಸಲ ಅವರು ಹೇಳುವುದು ನಿಜ ಎನ್ನುವುದೇ ನನ್ನ ಸಂಕಟ. ಸ್ಥಾವರ ಸೋರಿದರೆ ಹತ್ತಾರು ಬಗೆಯ ವಸ್ತುಗಳು ಒಟ್ಟಿಗೆ ಬರುತ್ತವೆ. ನಮ್ಮ ಐದೂ ಕಾಗದಗಳಲ್ಲಿ ಸೀಸಿಯಂ ಒಂದೇ. ಹಾಗಾದರೆ ಇದು ಯಾವುದೋ ಆಸ್ಪತ್ರೆಯಲ್ಲೋ ಕಾರ್ಖಾನೆಯ ಅಳತೆಯ ಸಲಕರಣೆಯಲ್ಲೋ ಇರುವ ಬೆರಳುದ್ದದ ಲೋಹದ ಕೊಳವೆ. ಯಾರೋ ಅದನ್ನು ಸುಟ್ಟಿದ್ದಾರೆ, ಇಲ್ಲವೇ ಕರಗಿಸಿದ್ದಾರೆ.

ಸಭೆಯಲ್ಲಿ ಇದನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಒಬ್ಬರು ಗಡಿಯಾರ ನೋಡಿಕೊಂಡರು. ಕೊನೆಗೆ ಪಟ್ಟೆಯಲ್ಲಿರುವ ಆಸ್ಪತ್ರೆ, ಕಾರ್ಖಾನೆ, ಕಸ ಸುಡುವ ಜಾಗಗಳಿಗೆಲ್ಲ ಪತ್ರ ಬರೆಯುವುದು ಎಂದು ತೀರ್ಮಾನವಾಯಿತು. ಹೋಗಿ ನೋಡೋಣ ಎಂದರೆ, ನಮಗೆ ಆ ಅಧಿಕಾರವಿಲ್ಲವಂತೆ. ಕೊಳವೆ ಒಡೆದವನೇ ಪತ್ರ ಬರೆದು "ಹೌದು, ನಾನೇ" ಎನ್ನಬೇಕು!

ಮಾರ್ಚ್ ೯, ಶನಿವಾರ

ಬಚ್ಚಲೆಲ್ಲ ಬೂದಿ. ಬಿಳಿ ಟವೆಲ್ ಬೂದು ಬಣ್ಣ. ಇವರ ತಮ್ಮನಿಗೆ ಎರಡನೇ ಪಾಳಿಯಲ್ಲಿ ಹೊಗೆಯ ಚೀಲವೊಂದು ಹರಿದು ತಲೆಯ ಮೇಲೆಯೇ ಸುರಿಯಿತಂತೆ. ಅದನ್ನೂ ನಗುತ್ತಾ ಹೇಳುತ್ತಾನೆ. "ಒಂದೇ ನಿಮಿಷಕ್ಕೆ ಮುದುಕ ಆಗ್ಬಿಟ್ಟೆ ಅತ್ತಿಗೆ, ಹುಬ್ಬು ಸಮೇತ!" ಕೆಲಸಕ್ಕೆ ಹಾಕಿಕೊಳ್ಳುವ ಆ ಹಾಳು ಟೋಪಿಯನ್ನು ಮತ್ತೆ ಬಾಗಿಲ ಪಕ್ಕದ ಗೂಟಕ್ಕೇ ಸಿಕ್ಕಿಸಿದ್ದಾನೆ. ಬೇರೆ ಗೂಟ ಹೊಡೆಯಿರಿ ಎಂದು ಇವರಿಗೆ ಹೇಳಿ ತಿಂಗಳಾಯಿತು. ಕಿವಿಯ ಮೇಲೆ ಹಾಕಿಕೊಂಡರೆ ತಾನೇ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ರೂಮು ನೋಡಿ ಬಂದೆ. ಸಣ್ಣದು, ಆದರೆ ಕಿಟಕಿಯಿದೆ. ಏಪ್ರಿಲ್ ಒಂದಕ್ಕೆ ಅಲ್ಲಿಗೆ ಹೋಗಬೇಕು ಎಂದು ಅವನಿಗೆ ಇವರ ಎದುರಿಗೇ ಹೇಳಿಬಿಟ್ಟೆ. ಇವರು ಪೇಪರಿನ ಹಿಂದೆ ಮರೆಯಾದರು. ಅವನು, "ಆಗ್ಲಿ ಅತ್ತಿಗೆ, ಅಲ್ಲಿ ಗೋಡೆ ಜೊತೆ ಮಾತಾಡ್ತೀನಿ. ಅದು ನಿಮ್ಮಷ್ಟು ಬೈಯಲ್ಲ" ಎಂದ.

ನನಗೇನೂ ಅನ್ನಿಸಲಿಲ್ಲ.

ಮಾರ್ಚ್ ೧೨, ಮಂಗಳವಾರ

ಎರಡನೆಯ ವಾರದ ಕಾಗದ. ಉಳಿದ ನಾಲ್ಕೂ ಕೇಂದ್ರಗಳಲ್ಲಿ ಸೀಸಿಯಂ ಮಾಯ. ನನ್ನದರಲ್ಲಿ ಹೋದ ವಾರಕ್ಕಿಂತ ಜಾಸ್ತಿ.

ಮತ್ತೆ ಅಳೆದೆ, ಅಷ್ಟೇ ಬಂತು. ಯಂತ್ರದ ಹೊಟ್ಟೆಯನ್ನೆಲ್ಲ ಒರೆಸಿ ಅಳೆದೆ, ಆಗಲೂ ಅಷ್ಟೇ. ಗಾಳಿಯಮ್ಮ "ನಿನ್ನದನ್ನ ಬಿಟ್ಟುಬಿಟ್ರೆ ನನ್ನ ಲೆಕ್ಕ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ" ಎಂದಳು. ಗೆಳತಿ ಎಂದು ಸುಮ್ಮನಿದ್ದೆ. ಅದೇ ಮಾತನ್ನು ನಿರ್ದೇಶಕರು ಹೇಳಿದಾಗ ಮೈಯೆಲ್ಲ ಉರಿಯಿತು. "ಹೊರಗಿನ ಗಾಳಿಯಲ್ಲಿ ಏನೂ ಉಳಿದಿಲ್ಲ ಮೇಡಂ. ನಿಮ್ಮ ಪ್ರಯೋಗಾಲಯವೇ ಕೊಳೆಯಾಗಿದೆ."

ನನ್ನ ಪ್ರಯೋಗಾಲಯ ಕೊಳೆ! ಅಲ್ಲಿ ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು.

ಮಾರ್ಚ್ ೧೪, ಗುರುವಾರ

ಪತ್ರಗಳಿಗೆ ಉತ್ತರಗಳು ಬರುತ್ತಿವೆ. ಎಲ್ಲರದ್ದೂ ಒಂದೇ ರಾಗ. ಗುಜರಿ ಕರಗಿಸುವವರೆಲ್ಲ "ನಮ್ಮ ಗೇಟಿನಲ್ಲಿ ವಿಕಿರಣ ಮಾಪಕವಿದೆ, ಅದು ಕೂಗಿಲ್ಲ" ಎಂದಿದ್ದಾರೆ. ಇವರ ತಮ್ಮನ ಕಾರ್ಖಾನೆಯ ಉತ್ತರ ಎಲ್ಲರಿಗಿಂತ ಮೊದಲು ಬಂತು, ಅದೂ ಅಚ್ಚುಕಟ್ಟಾಗಿ ಟೈಪು ಮಾಡಿದ್ದು. ಅವರ ಹೆಸರನ್ನೇ ಮೊದಲು ಹೊಡೆದುಹಾಕಿದೆ. ತಡಮಾಡುವವರ ಮೇಲೆ ತಾನೇ ಅನುಮಾನ.

ರಾತ್ರಿ ಊಟದ ಹೊತ್ತಿಗೆ ಅವನು ಕೆಮ್ಮುತ್ತಿದ್ದ. ಬಿಸಿನೀರು ಕುಡಿ ಎಂದು ಲೋಟ ಅವನ ಮುಂದೆ ಕುಕ್ಕಿದೆ. ಆ ಕೆಮ್ಮಿನ ಸದ್ದಿಗೆ ಯೋಚನೆ ಮಾಡಲೂ ಆಗುವುದಿಲ್ಲ.

ಮಾರ್ಚ್ ೧೫, ಶುಕ್ರವಾರ

ಬೈಗುಳ ಮುಗಿದಿದೆ. ಇವತ್ತು ಏನೂ ಬರೆಯುವುದಿಲ್ಲ.

ಮಾರ್ಚ್ ೧೯, ಮಂಗಳವಾರ

ಮೂರನೆಯ ಕಾಗದದಲ್ಲೂ ಇದೆ.

ನಿರ್ದೇಶಕರ ಎದುರಿನಲ್ಲೇ ಪ್ರಯೋಗಾಲಯವನ್ನು ಒರೆಸಿ ನೋಡಿದೆ. ಒಂದೊಂದು ಜಾಗವನ್ನೂ ಒಂದೊಂದು ಸಣ್ಣ ದುಂಡು ಕಾಗದದಿಂದ ಒರೆಸಿ, ಆ ಕಾಗದವನ್ನು ಯಂತ್ರಕ್ಕೆ ಕೊಡುವುದು. ಮೇಜು ಶುಚಿ. ಯಂತ್ರ ಶುಚಿ. ನನ್ನ ಕುರ್ಚಿಯ ಕೆಳಗೆ ಸ್ವಲ್ಪ. ನನ್ನ ಚಪ್ಪಲಿಯಲ್ಲಿ ಇನ್ನೂ ಸ್ವಲ್ಪ. ನನ್ನ ಬಿಳಿ ಚೀಲದಲ್ಲಿ ಎಲ್ಲಕ್ಕಿಂತ ಹೆಚ್ಚು.

"ನೋಡಿದ್ರಾ?" ಎಂದರು ನಿರ್ದೇಶಕರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಮರುಕದಿಂದ ಹೇಳಿದರು.

ಅಂದರೆ ಮೊದಲ ವಾರದ ಕಾಗದದಿಂದ ಚೀಲಕ್ಕೆ ಹತ್ತಿದೆ, ಚೀಲದಿಂದ ಮುಂದಿನ ಕಾಗದಗಳಿಗೆ, ನೆಲಕ್ಕೆ, ನನ್ನ ಕಾಲಿಗೆ. ಮನೆಗೂ ಹೊತ್ತುಕೊಂಡು ಹೋಗಿರುತ್ತೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವರು ಒಂದು ಹೇಳಿಕೆ ಟೈಪು ಮಾಡಿಸಿ ತಂದರು. ಮೂರು ವಾರದ ಅಂಕಿಗಳನ್ನು ಹಿಂತೆಗೆದುಕೊಳ್ಳಲಾಗಿದೆ, ಕಾರಣ: ಅಳೆಯುವವರ ತಪ್ಪು. ಸಹಿ ಹಾಕಿದರೆ ತನಿಖೆ ಮುಗಿಯುತ್ತದೆ. ಗಾಳಿ ತಿಳಿಯಾಗಿದೆ, ಸ್ಥಾವರ ಸರಿಯಿದೆ, ಕಾರ್ಖಾನೆಗಳು ಉತ್ತರ ಕೊಟ್ಟಾಗಿದೆ. ಎಲ್ಲರೂ ಕೈ ತೊಳೆದುಕೊಳ್ಳಬಹುದು.

"ಮತ್ತೆ ಅಲ್ಲಿ ಅದನ್ನ ಮುಟ್ಟುತ್ತಾ ಇರೋ ಮನುಷ್ಯ?" ಎಂದೆ.

"ಯಾವ ಮನುಷ್ಯ ಮೇಡಂ? ನೀವೇ ಹುಟ್ಟಿಸಿಕೊಂಡ ಮನುಷ್ಯ ತಾನೇ?"

ಶುಕ್ರವಾರದೊಳಗೆ ಸಹಿ ಬೇಕಂತೆ. ಹಾಕುವುದಿಲ್ಲ ಎಂದು ಬಂದೆ.

ಮಾರ್ಚ್ ೨೦, ಬುಧವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಈರುಳ್ಳಿಯೂ ಹೆಚ್ಚುತ್ತಿರಲಿಲ್ಲ, ನೆಪ ಹೇಳಲು. ಇವರು ಪಾಠ ಹೇಳಲು ಬೇಗ ಶಾಲೆಗೆ ಹೋಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಅವನು ಬಾಗಿಲಲ್ಲಿ ನಿಂತು ನೋಡಿದ. ನಗಲಿಲ್ಲ, ಶಿಳ್ಳೆ ಹಾಕಲಿಲ್ಲ. ಚಹಾ ಮಾಡಿಕೊಟ್ಟ. ಸಕ್ಕರೆ ಎರಡು ಪಟ್ಟು ಹಾಕಿದ್ದ, ಕುಡಿದೆ.

"ನಿಮ್ಮ ಲೆಕ್ಕ ತಪ್ಪಿರಲ್ಲ ಅತ್ತಿಗೆ. ನನ್ನ ಚಪಾತಿ ಎಷ್ಟು ಅಂತಾನೂ ತಪ್ಪದೆ ಎಣಿಸೋರು ನೀವು."

ಇವನಿಗೆ ಗೊತ್ತಿತ್ತೇ! ನಾಚಿಕೆಯಾಯಿತು, ನಗುವೂ ಬಂತು. ಅವನು ಗೋಡೆ ಹಿಡಿದು ಕೆಮ್ಮಿಕೊಂಡು ಸೋಫಾಕ್ಕೆ ಹೋದ. ಅಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಒಳಗಿನ ಕೋಣೆಯಲ್ಲಿ ಮಲಗು ಎಂದೆ. ಹಗಲು ಹೊತ್ತು ಆ ಕೋಣೆ ಹೇಗೂ ಖಾಲಿ ತಾನೇ.

ಮಾರ್ಚ್ ೨೧, ಗುರುವಾರ

ನನ್ನ ಕೊಳೆ ಮನೆಯಲ್ಲಿ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯದೆ ನಿದ್ದೆ ಬರುತ್ತಿಲ್ಲ. ಬೆಳಿಗ್ಗೆ ದುಂಡು ಕಾಗದಗಳನ್ನು ಹಿಡಿದು ಮನೆಯನ್ನೆಲ್ಲ ಒರೆಸಿದೆ. ಹೊಸ್ತಿಲು, ಚಪ್ಪಲಿ ಗೂಡು, ಗೂಟ, ಗೂಟದ ಮೇಲಿದ್ದ ಅವನ ಟೋಪಿ, ಸೋಫಾ, ಬಚ್ಚಲು, ನಮ್ಮ ಮಂಚ. ಇವರು ಹಲ್ಲುಜ್ಜುತ್ತಾ, "ಹಬ್ಬ ಏನಾದ್ರೂ ಇದೆಯಾ?" ಎಂದರು.

ಪ್ರಯೋಗಾಲಯದಿಂದ ದೂರ ಹೋದಂತೆ ಅಂಕಿ ಇಳಿಯಬೇಕು. ರಾತ್ರಿಯಿಡೀ ಯಂತ್ರ ತಾನಾಗಿಯೇ ಒಂದೊಂದನ್ನೇ ಅಳೆಯುವಂತೆ ಇಟ್ಟು ಬಂದಿದ್ದೇನೆ. ನಾಳೆ ನೋಡಿ, ಸಹಿ ಹಾಕುವುದೋ ಬಿಡುವುದೋ ತೀರ್ಮಾನಿಸುತ್ತೇನೆ.

ಮಾರ್ಚ್ ೨೨, ಶುಕ್ರವಾರ

ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಅಂಕಿ ಇಳಿದಿರಲಿಲ್ಲ, ಏರಿತ್ತು. ನನ್ನ ಕುರ್ಚಿಯ ಕೆಳಗಿನದಕ್ಕಿಂತ ನಮ್ಮ ಹೊಸ್ತಿಲಲ್ಲಿ ಹೆಚ್ಚು. ಹೊಸ್ತಿಲಿಗಿಂತ ಗೂಟದಲ್ಲಿ. ಗೂಟಕ್ಕಿಂತ ಅವನ ಟೋಪಿಯಲ್ಲಿ, ನೂರಾರು ಪಟ್ಟು. ನಾನು ಕಚೇರಿಯಿಂದ ಮನೆಗೆ ಹೊತ್ತು ತಂದದ್ದಲ್ಲ. ಮನೆಯಿಂದ ಕಚೇರಿಗೆ ಹೊತ್ತೊಯ್ದದ್ದು. ನನ್ನ ಶುಭ್ರವಾದ ಚೀಲ ಶನಿವಾರದಿಂದ ಸೋಮವಾರದವರೆಗೆ ಆ ಟೋಪಿಯ ಕೆಳಗೇ ನೇತಾಡುತ್ತಿತ್ತು. ನನ್ನ ಕಾಗದಕ್ಕೆ ಸೀಸಿಯಂ ಗಾಳಿಯಲ್ಲಿ ಬಂದೇ ಇಲ್ಲ, ಹೊಳೆಯಾಚೆಯಿಂದ ಬಸ್ಸಿನಲ್ಲಿ ಬಂದಿದೆ.

ಇವತ್ತಿನಿಂದ ಅವನಿಗೆ ಬೆಳಗಿನ ಪಾಳಿ. ಫೋನ್ ಮಾಡಿದೆ, ಎತ್ತಲಿಲ್ಲ. ಒಳಗೆ ಫೋನ್ ಬಿಡುವುದಿಲ್ಲವಲ್ಲ. ಕೈಮಾಪಕ ಎತ್ತಿಕೊಂಡು, ಯಾರನ್ನೂ ಕೇಳದೆ, ಟ್ಯಾಕ್ಸಿ ಹಿಡಿದು ಹೋದೆ. ಸೇತುವೆಯ ಮೇಲೆ ಲಾರಿಗಳ ಸಾಲು. ಡ್ರೈವರಿಗೆ ಎಷ್ಟು ಸಲ "ಬೇಗ" ಎಂದೆನೋ ಏನೋ, ಅವನು "ಹಾರಿಸಲಾ ಅಮ್ಮ?" ಎಂದ.

ಗೇಟಿನಲ್ಲಿ ಕಾವಲಿನವನು ಬಿಡಲಿಲ್ಲ. ಮ್ಯಾನೇಜರ್ ಬಂದರು. "ನಾವು ಎಲ್ಲರಿಗಿಂತ ಮೊದಲೇ ಉತ್ತರ ಕೊಟ್ಟಿದ್ದೀವಲ್ಲ ಮೇಡಂ. ಗೇಟಿನ ಮಾಪಕ ಕೂಗೇ ಇಲ್ಲ."

"ನನಗೆ ಚೀಲ ಬದಲಿಸೋನನ್ನ ಕರೆಸಿ. ಈಗಲೇ."

"ಅವನು ನಿಮಗೇನಾಗ್ಬೇಕು?"

"ನನ್ನ ಮೈದುನ" ಎಂದೆ. ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದೆನೆಂದು ಕಾಣುತ್ತದೆ, ಕಾವಲಿನವನು ಎರಡು ಹೆಜ್ಜೆ ಹಿಂದೆ ಸರಿದ.

ಅವನು ಮೈಯೆಲ್ಲ ಬೂದಿಯಾಗಿ ಹೊರಗೆ ಬಂದ. ನನ್ನನ್ನು ನೋಡಿ ಬಣ್ಣಗೆಟ್ಟ. "ಅಣ್ಣನಿಗೆ ಏನಾಯ್ತು ಅತ್ತಿಗೆ?" ಅವನಿಗೆ ಮೊದಲು ಹೊಳೆದದ್ದು ಅದು. ನಾನು ಮಾಪಕವನ್ನು ಅವನ ಎದೆಯ ಹತ್ತಿರ ಹಿಡಿದೆ. ಅದು ಒಂದೇ ಸಮನೆ ಕೂಗತೊಡಗಿತು. ಮ್ಯಾನೇಜರ್ ಮುಖ ಸುಣ್ಣವಾಯಿತು. ಆಮೇಲೆ ಬೂದಿ ತುಂಬಿಡುವ ಕೊಟ್ಟಿಗೆಯ ಬಾಗಿಲಿಗೆ ಹೋದೆವು. ಅಲ್ಲಿ ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಎಲ್ಲರನ್ನೂ ಆಚೆ ಕಳಿಸಿ, ಕುಲುಮೆ ನಿಲ್ಲಿಸಿ ಎಂದು ಕಿರುಚಿದೆ. ಅಧಿಕಾರ ಯಾರು ಕೊಟ್ಟರು ಎಂದು ಯಾರೂ ಕೇಳಲಿಲ್ಲ.

ನಾನು ಹದಿನೆಂಟು ದಿನದಿಂದ ಹುಡುಕುತ್ತಿದ್ದ ಮನುಷ್ಯನಿಗೆ ದಿನಾ ಊಟ ಬಡಿಸುತ್ತಿದ್ದೆ. ಬೈದುಕೊಂಡು ಬಡಿಸುತ್ತಿದ್ದೆ.

ಮಾರ್ಚ್ ೨೫, ಸೋಮವಾರ

ಈಗ ಎಲ್ಲರಿಗೂ ಅಧಿಕಾರ ಬಂದಿದೆ. ಬಿಳಿ ಉಡುಪಿನವರು ಕಾರ್ಖಾನೆಯನ್ನೂ ನಮ್ಮ ಮನೆಯನ್ನೂ ಒರೆಸಿ ಹೋದರು. ನಮ್ಮಲ್ಲಿದ್ದದ್ದು ಅಪಾಯದಷ್ಟಲ್ಲ, ನನಗೂ ಇವರಿಗೂ ಏನಿಲ್ಲ. ಟೋಪಿ, ಬೂಟು, ಟವೆಲ್, ಸೋಫಾ, ನನ್ನ ಚೀಲ ಎಲ್ಲವನ್ನೂ ಪೀಪಾಯಿಗೆ ತುಂಬಿ ಒಯ್ದರು. ಬೀಗ ಹಾಕಿದ ಯಾವುದೋ ಹಳೆ ಕಾರ್ಖಾನೆಯ ಅಳತೆಯ ಸಲಕರಣೆ ಗುಜರಿ ಲಾರಿಯಲ್ಲಿ ಬಂದಿತ್ತಂತೆ. ದಪ್ಪ ಸೀಸದ ಗಡಿಗೆಯೊಳಗೆ ಇದ್ದದ್ದರಿಂದ ಗೇಟಿನ ಮಾಪಕಕ್ಕೆ ಕಾಣಲೇ ಇಲ್ಲ. ಗಡಿಗೆ ಸಮೇತ ಕುಲುಮೆಗೆ ಹೋಗಿದೆ.

ನಿರ್ದೇಶಕರು ಹೂಗುಚ್ಛ ಹಿಡಿದು ಬಂದರು. ಹೇಳಿಕೆ ಹರಿದುಹಾಕೋಣ, ನಿಮ್ಮ ಅಂಕಿ ಸರಿಯಿತ್ತು ಎಂದು ಬರೆಯೋಣ ಎಂದರು. ಸರಿಯಿರಲಿಲ್ಲವಲ್ಲ! ಅದು ಗಾಳಿಯ ಅಂಕಿಯಲ್ಲ, ಚೀಲದ್ದು. ಕೊಳೆಯ ವಿಷಯದಲ್ಲಿ ಅವರು ಹೇಳಿದ್ದು ಅರ್ಧ ಸರಿ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಆದರೆ "ಅಳೆಯುವವರ ತಪ್ಪು" ಎಂದು ಬರೆಯಲು ಬಿಡಲಿಲ್ಲ. "ಡಬ್ಬಿಯ ಕೊಂಡಿ ಮುರಿದಿದ್ದರಿಂದ" ಎಂದು ಬರೆಸಿ ಸಹಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹೊಸ ಡಬ್ಬಿ ಬಂತು.

ಮೈದುನನಿಗೆ ಕಾರ್ಖಾನೆಯವರ ಫೋನ್ ಮೇಲೆ ಫೋನ್. ಕೆಲಸ ನಿಂತದ್ದಕ್ಕೆ ಕೆಲವರು ಬೈಯುತ್ತಾರೆ, ಕೆಲವರು ಅಳುತ್ತಾರೆ. ಎಲ್ಲರಿಗೂ "ನಮ್ಮತ್ತಿಗೆ ನೋಡ್ಕೋತಾರೆ" ಎನ್ನುತ್ತಾನೆ. ಫೋನ್ ಇಟ್ಟ ಮೇಲೆ ಗೋಡೆ ನೋಡುತ್ತಾ ಕೂರುತ್ತಾನೆ. ಮೂರು ದಿನದಿಂದ ಮನೆಯಲ್ಲಿ ಶಿಳ್ಳೆಯಿಲ್ಲ.

ರೂಮಿನವರು ಫೋನ್ ಮಾಡಿದ್ದರು. ಬೇರೆಯವರಿಗೆ ಕೊಡಿ ಎಂದೆ. ಈ ಗಲಾಟೆಯಲ್ಲಿ ಯಾರು ಸಾಮಾನು ಸಾಗಿಸುತ್ತಾರೆ.

ಮಾರ್ಚ್ ೨೮, ಗುರುವಾರ

ಕಾರ್ಖಾನೆಯವರನ್ನೆಲ್ಲ ನಮ್ಮಲ್ಲೇ ಅಳೆಯುತ್ತಿದ್ದೇವೆ. ಕಬ್ಬಿಣದ ಗೋಡೆಯ ಕೋಣೆ, ಅದರೊಳಗೊಂದು ಕುರ್ಚಿ. ದೇಹದೊಳಗೆ ಎಷ್ಟು ಸೇರಿದೆ ಎಂದು ಅದು ಹೇಳುತ್ತದೆ. ಇಷ್ಟು ವರ್ಷ ಆ ಕುರ್ಚಿಯ ಮೇಲೆ ಹಳೆ ಪೆಟ್ಟಿಗೆಗಳಿದ್ದವು. ಬಾಗಿಲ ಮೇಲೆ ನಾನೇ ಅಂಟಿಸಿದ ಸೂಚನೆಯಿದೆ: ಅಲುಗಾಡಬಾರದು, ಮಾತಾಡಬಾರದು. ನಿನ್ನೆ ಕುಲುಮೆಯವರು, ಕ್ರೇನಿನವರು ಬಂದು ಹೋದರು. ಎಲ್ಲರದ್ದೂ ಕಡಿಮೆ. ಇವತ್ತು ಚೀಲ ಬದಲಿಸುವವನ ಸರದಿ.

ಬಾಗಿಲು ಮುಚ್ಚಿದೆ. ಗಾಜಿನ ಕಿಂಡಿಯಲ್ಲಿ ಅವನು ಕಾಣುತ್ತಿದ್ದ. ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಹುಡುಗನ ಹಾಗೆ. ಉಸಿರಿನ ಸದ್ದೂ ಇಲ್ಲ. ಈ ಮನುಷ್ಯ ಒಂದು ಗಳಿಗೆ ಬಾಯಿ ಮುಚ್ಚಿದರೆ ಸಾಕಪ್ಪಾ ಎಂದು ನಾಲ್ಕು ತಿಂಗಳಿಂದ ಹಲ್ಲು ಕಡಿದವಳು ನಾನು. ಐದು ನಿಮಿಷ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಮೈಕು ಒತ್ತಿದೆ.

"ಏನಾದ್ರೂ ಮಾತಾಡೋ."

"ಮಾತಾಡಬಾರದು ಅಂತ ಬರೆದಿದೆ ಅತ್ತಿಗೆ."

"ಬರೆದವಳು ನಾನೇ. ಮಾತಾಡು."

ಅವನು ಮುಖ ಎತ್ತದೆ ಕೇಳಿದ. "ನಾನು ಸಾಯ್ತೀನಾ?"

"ಇಲ್ಲ."

"ಯಂತ್ರ ಇನ್ನೂ ಅಳೀತಾ ಇದೆಯಲ್ಲ. ನಿಮಗೆ ಹೇಗೆ ಗೊತ್ತು?"

ಅಳತೆ ಮುಗಿಯುವ ಮೊದಲು ನಾನು ಯಾರಿಗೂ ಏನೂ ಹೇಳಿದವಳಲ್ಲ. ಪರದೆಯ ಮೇಲೆ ಮೊನೆ ಏಳುತ್ತಲೇ ಇತ್ತು. "ನಿನ್ನ ಚಪಾತಿ ಎಣಿಸೋಳು ನಾನು. ನಂಗೆ ಗೊತ್ತು" ಎಂದೆ.

ಅವನು ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಕುರ್ಚಿಯ ಮೇಲೆ ಮುದುಡಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬಾಗಿಲು ತೆರೆದು ಒಳಗೆ ಹೋದೆ, ಅಳತೆ ಅಲ್ಲಿಗೆ ಕೆಟ್ಟಿತು. ಎಷ್ಟೋ ಹೊತ್ತು ಇಬ್ಬರೂ ಆ ಕಬ್ಬಿಣದ ಪೆಟ್ಟಿಗೆಯೊಳಗೇ ಇದ್ದೆವು.

ಎರಡನೆಯ ಸಲ ಕೂತಾಗ ಅಲುಗಾಡಲಿಲ್ಲ. ಉಳಿದವರೆಲ್ಲರಿಗಿಂತ ಹೆಚ್ಚಿದೆ. 'ಚಿಂತೆಯಿಲ್ಲ' ಎನ್ನುವಂತಿಲ್ಲ, ಆದರೆ ಸಾಯುವಷ್ಟೂ ಅಲ್ಲ. ಡಾಕ್ಟರು ಒಂದು ನೀಲಿ ಗುಳಿಗೆ ಬರೆದುಕೊಟ್ಟಿದ್ದಾರೆ, ಅದು ಸೀಸಿಯಂ ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕಕ್ಕಸಿಗೆ ಹೋದರೂ ನೀಲಿಯೇ ಬರುತ್ತದೆ ಎಂದು ಅವರು ಹೇಳಿದ ಕೂಡಲೇ ಇವನ ಮುಖ ಅರಳಿತು. ಇನ್ನು ಮೂರು ತಿಂಗಳು ಊಟದ ಹೊತ್ತಿಗೆ ಯಾವ ಜೋಕು ಕೇಳಬೇಕೆಂದು ನನಗೆ ಆಗಲೇ ಗೊತ್ತಾಯಿತು. ಬಸ್ಸಿಗೆ ಕಾಯುವಾಗ ಅಣ್ಣನಿಗೆ ಫೋನ್ ಮಾಡಿ ಶುರುವನ್ನೂ ಮಾಡಿದ.

ಕೆಟ್ಟುಹೋದ ಮೊದಲ ಅಳತೆಯನ್ನೂ ದಾಖಲೆಯಲ್ಲಿ ತೋರಿಸಬೇಕು, ಕಾರಣ ಸಮೇತ. ಕಾರಣದ ಜಾಗದಲ್ಲಿ 'ಅಳೆಯುವವರ ತಪ್ಪು' ಎಂದು ಬರೆದು ಸಹಿ ಹಾಕಿದೆ.